ತೂಕದ ಚೀಟಿಯಿಂದ ಬ್ಯಾಂಕ್ ಖಾತೆಯವರೆಗೆ

ನಾಗನೂರಿನ ಹೊಲದಲ್ಲಿ ಕಡಿದ ಕಬ್ಬು ಕಾರ್ಖಾನೆಯ ತೂಕದ ಕಾಟಾ ದಾಟಿ ಗಾಣಕ್ಕೆ ಬಿತ್ತೆಂದರೆ ಒಂದೆರಡು ದಿನದೊಳಗೆ ಸಕ್ಕರೆಯಾಗಿ ಚೀಲ ಸೇರುತ್ತದೆ. ಅದೇ ಕಬ್ಬಿನ ತೂಕದ ಚೀಟಿ ಹಣವಾಗಿ ರೈತನ ಖಾತೆ ಸೇರಲು ವಾರಗಳು ಬೇಕು. ಕೆಲವು ಹಂಗಾಮುಗಳಲ್ಲಿ ತಿಂಗಳುಗಳೇ ಹಿಡಿದಿವೆ. ಕಬ್ಬು ಮತ್ತು ಚೀಟಿ ಎರಡೂ ಹೊರಟದ್ದು ಒಂದೇ ಗಳಿಗೆಯಲ್ಲಿ, ಒಂದೇ ಜಾಗದಿಂದ. ಒಂದು ಓಡುತ್ತದೆ, ಇನ್ನೊಂದು ಅಲ್ಲಲ್ಲಿ ನಿಲ್ಲುತ್ತಾ ಸಾಗುತ್ತದೆ.

ಎಲ್ಲಿ ನಿಲ್ಲುತ್ತದೆ, ಯಾರ ಮೇಜಿನ ಮೇಲೆ, ಯಾವುದಕ್ಕಾಗಿ ಕಾಯುತ್ತಾ? ಊರಿನ ಕಟ್ಟೆಯ ಮೇಲೆ ಕೇಳಿದರೆ ಸಿಗುವ ಉತ್ತರ ಒಂದೇ: ‘ಫ್ಯಾಕ್ಟರಿಯವರು ಇನ್ನೂ ರೊಕ್ಕ ಹಾಕಿಲ್ರಿ.’ ಆ ಮಾತು ಸುಳ್ಳಲ್ಲ. ಆದರೆ ಅದರಿಂದ ತಡ ಎಲ್ಲಿ ಹುಟ್ಟಿತೆಂದು ಗೊತ್ತಾಗುವುದಿಲ್ಲ, ಗೊತ್ತಾಗದೆ ಸರಿಪಡಿಸಲೂ ಬರುವುದಿಲ್ಲ. ಒಂದು ಕೆಲಸ ಎಲ್ಲಿ ಶುರುವಾಗಿ, ಯಾರ ಯಾರ ಕೈ ದಾಟಿ, ಎಲ್ಲಿ ಮುಗಿಯುತ್ತದೆ ಎಂಬುದನ್ನು ಹೆಜ್ಜೆಹೆಜ್ಜೆಯಾಗಿ ಕಾಗದದ ಮೇಲೆ ಬಿಡಿಸಿ ನೋಡುವ ವಿದ್ಯೆಗೆ ಬಿಸಿನೆಸ್ ಪ್ರೊಸೆಸ್ ಮಾಡೆಲಿಂಗ್ ಎಂದು ಹೆಸರು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಇದಕ್ಕೆಂದೇ ಹುದ್ದೆಗಳಿವೆ. ಅದರ ಮೊದಲ ಪಾಠಗಳನ್ನು ಕಲಿಯಲು ಮಾತ್ರ ಮೂಡಲಗಿ ತಾಲ್ಲೂಕಿನ ಒಂದು ಕಬ್ಬಿನ ಹೊಲಕ್ಕಿಂತ ಒಳ್ಳೆಯ ಜಾಗ ಹುಡುಕುವುದು ಕಷ್ಟ.

ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದ ನೀರು ಘಟಪ್ರಭಾ ಎಡದಂಡೆ ಕಾಲುವೆಯ ಮೂಲಕ ಹರಿದು ಈ ಭಾಗವನ್ನು ಕಬ್ಬಿನ ನಾಡಾಗಿಸಿದೆ. ಸಂಕೇಶ್ವರ, ಗೋಕಾಕ, ಹುಣಶ್ಯಾಳ ಪಿ.ಜಿ. ಹೀಗೆ ಸುತ್ತಲೂ ಸಕ್ಕರೆ ಕಾರ್ಖಾನೆಗಳು. ಮೊದಲು ಗೋಕಾಕ ತಾಲ್ಲೂಕಿನಲ್ಲಿದ್ದು ಈಗ ಮೂಡಲಗಿಗೆ ಸೇರಿರುವ ನಾಗನೂರಿನಲ್ಲಿ ಕಬ್ಬಿನ ಬಿಲ್ಲು ಯಾವಾಗ ಬರುತ್ತದೆ ಎಂಬುದರ ಮೇಲೆ ಮಗಳ ಮದುವೆ, ಸೊಸೈಟಿ ಸಾಲ, ಗೊಬ್ಬರದಂಗಡಿಯ ಉದ್ರಿ ಎಲ್ಲವೂ ನಿಂತಿರುತ್ತವೆ.

ನಕ್ಷೆ ಬರೆಯುವವರು ಮೊಟ್ಟಮೊದಲು ತೀರ್ಮಾನಿಸಬೇಕಾದದ್ದು ಶುರು ಮತ್ತು ಕೊನೆ. ಇದು ಸಣ್ಣ ವಿಷಯದಂತೆ ಕಾಣುತ್ತದೆ, ಆದರೆ ಅರ್ಧ ನ್ಯಾಯ ಇಲ್ಲೇ ತೀರ್ಮಾನವಾಗಿಬಿಡುತ್ತದೆ. ಕಾರ್ಖಾನೆಯ ಎಂಜಿನಿಯರ್ ಬರೆದರೆ ನಕ್ಷೆ ಕಾಟಾದ ಮೇಲೆ ಶುರುವಾಗಿ ಸಕ್ಕರೆ ಗೋದಾಮಿನಲ್ಲಿ ಮುಗಿಯುತ್ತದೆ. ಲೆಕ್ಕಪತ್ರ ವಿಭಾಗದವರು ಬರೆದರೆ ಚೀಟಿಯಿಂದ ಶುರುವಾಗಿ ಬ್ಯಾಂಕಿಗೆ ಕಳಿಸುವ ಪಟ್ಟಿಯಲ್ಲಿ ಮುಗಿಯುತ್ತದೆ. ರೈತ ಬರೆದರೆ? ಅದು ನಾಟಿ ಮಾಡಿದ ದಿನ ಶುರುವಾಗುತ್ತದೆ. ಖಾತೆಗೆ ಕೊನೆಯ ಕಂತು ಬಿದ್ದ ದಿನ ಮುಗಿಯುತ್ತದೆ. ಮಳೆಗಾಲದ ನಾಟಿಯಾದರೆ ನಡುವೆ ಒಂದೂವರೆ ವರ್ಷ. ಮೂರೂ ನಕ್ಷೆಗಳು ನಿಜವೇ. ಆದರೆ ಮೊದಲೆರಡರಲ್ಲಿ ಕಟಾವಿನ ಪಾಳಿಗಾಗಿ ರೈತ ಕಾದ ದಿನಗಳು ಎಲ್ಲಿಯೂ ದಾಖಲಾಗುವುದಿಲ್ಲ.

ರೈತನ ಕಡೆಯಿಂದಲೇ ಹಿಡಿದು ಬರೆದರೆ ಹಾದಿ ಸುಮಾರಾಗಿ ಹೀಗಿರುತ್ತದೆ. ನಾಟಿಯಾದ ಮೇಲೆ ಹೊಲದ ಉತಾರ (ಪಹಣಿ), ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ ಕೊಟ್ಟು ಕಾರ್ಖಾನೆಯಲ್ಲಿ ನೋಂದಣಿ. ಫೀಲ್ಡ್‌ಮನ್ ಹೊಲಕ್ಕೆ ಬಂದು ಕ್ಷೇತ್ರ, ತಳಿ, ನಾಟಿಯ ತಾರೀಖು ಬರೆದುಕೊಳ್ಳುತ್ತಾನೆ. ಹಂಗಾಮು ತೆರೆದ ಮೇಲೆ ಕಬ್ಬು ವಿಭಾಗದಿಂದ ಕಟಾವಿನ ಆದೇಶ. ಆದೇಶ ಬಂದ ಮಾತ್ರಕ್ಕೆ ಕಟಾವು ಆಗುವುದಿಲ್ಲ, ಕಡಿಯುವ ಕೂಲಿಕಾರರ ಗ್ಯಾಂಗ್ ಬರಬೇಕು. ಗ್ಯಾಂಗ್ ಬಂದು ಕಡಿದು, ರವದಿ ಬಿಡಿಸಿ, ಟ್ರ್ಯಾಕ್ಟರಿನ ಟ್ರೇಲರಿಗೆ ಹೇರಿದ ಮೇಲೆ ಕಾರ್ಖಾನೆಯ ಯಾರ್ಡ್. ಅಲ್ಲಿ ಟೋಕನ್, ಸರದಿ. ತುಂಬಿದ ಗಾಡಿಯ ತೂಕ, ಕಬ್ಬು ಇಳಿಸಿದ ಮೇಲೆ ಖಾಲಿ ಗಾಡಿಯ ತೂಕ, ಎರಡರ ವ್ಯತ್ಯಾಸವೇ ರೈತನ ಕಬ್ಬು. ಚೀಟಿ ಕೈಗೆ ಬರುತ್ತದೆ. ಅಲ್ಲಿಂದ ಮುಂದೆ ಬಿಲ್ಲಿನ ಲೆಕ್ಕ, ಸಾಲದ ವಜಾ, ಮಂಜೂರಾತಿ, ಬ್ಯಾಂಕು, ಖಾತೆ.

ಇದನ್ನು ಬರೆಯಲು ಜಗತ್ತು ಒಪ್ಪಿಕೊಂಡಿರುವ ಒಂದು ಗುರುತಿನ ಭಾಷೆ ಇದೆ. ಬಿಪಿಎಂಎನ್ ಎಂದು ಕರೆಯುವ ಅದರ ಮೊದಲ ಆವೃತ್ತಿ 2004ರಲ್ಲಿ ಬಂತು. ಈಗ ಬಳಕೆಯಲ್ಲಿರುವ ಎರಡನೇ ಆವೃತ್ತಿ 2011ರದ್ದು. 2013ರಲ್ಲಿ ಅದು ಐಎಸ್‌ಒ ಮಾನದಂಡವಾಯಿತು. ಬೇರು ಇನ್ನೂ ಹಳೆಯದು. ಫ್ರಾಂಕ್ ಗಿಲ್ಬ್ರೆತ್ ಎಂಬ ಅಮೆರಿಕದವನು ಗೌಂಡಿ ಕೆಲಸದಿಂದ ಮೇಲೆ ಬಂದವನು. ಒಂದು ಇಟ್ಟಿಗೆ ಇಡಲು ಗೌಂಡಿ ಮಾಡುತ್ತಿದ್ದ 18 ಚಲನೆಗಳನ್ನು ನಾಲ್ಕೈದಕ್ಕೆ ಇಳಿಸಿ ತೋರಿಸಿದವನು. ಅವನೂ ಹೆಂಡತಿ ಲಿಲಿಯನ್ನಳೂ ಸೇರಿ 1921ರಲ್ಲಿ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘದ ಮುಂದೆ ಕೆಲಸದ ಹಾದಿಯನ್ನು ಚಿಹ್ನೆಗಳಲ್ಲಿ ಬರೆಯುವ ಕ್ರಮವನ್ನು ಮಂಡಿಸಿದರು. ಕೆಲಸ, ಸಾಗಣೆ, ತಪಾಸಣೆ, ಕಾಯುವಿಕೆ ಇವನ್ನು ಬೇರೆಬೇರೆಯಾಗಿ ಗುರುತಿಸುವ ಅಭ್ಯಾಸ ಆ ಪರಂಪರೆಯಿಂದ ಬಂದದ್ದು.

ಬಿಪಿಎಂಎನ್‌ನಲ್ಲಿ ಚಿಹ್ನೆಗಳು ನೂರಕ್ಕೆ ಹತ್ತಿರವಿದ್ದರೂ ಹೊಸಬರಿಗೆ ಆರೇಳು ಸಾಕು. ತೆಳು ಗೆರೆಯ ವೃತ್ತ ಎಂದರೆ ಆರಂಭ, ದಪ್ಪ ಗೆರೆಯ ವೃತ್ತ ಎಂದರೆ ಕೊನೆ. ಮೂಲೆ ದುಂಡಗಿರುವ ಪೆಟ್ಟಿಗೆ ಎಂದರೆ ಒಂದು ಕೆಲಸ. ವಜ್ರಾಕಾರ ಎಂದರೆ ಹಾದಿ ಕವಲೊಡೆಯುವ ಜಾಗ. ಬಾಣದ ಗೆರೆ ಮುಂದಿನ ಹೆಜ್ಜೆಯನ್ನು ತೋರಿಸುತ್ತದೆ. ಇವುಗಳ ಹಿಂದೆ ಉದ್ದನೆಯ ಪಟ್ಟಿಗಳು, ಒಬ್ಬೊಬ್ಬರಿಗೆ ಒಂದೊಂದು: ಫೀಲ್ಡ್‌ಮನ್‌ಗೆ ಒಂದು, ಕಾಟಾದವರಿಗೆ ಒಂದು, ಲೆಕ್ಕಪತ್ರ ವಿಭಾಗಕ್ಕೆ ಒಂದು. ಕೆಲಸದ ಪೆಟ್ಟಿಗೆ ಯಾರ ಪಟ್ಟಿಯಲ್ಲಿ ಕೂತಿದೆಯೋ ಆ ಕೆಲಸ ಅವರದ್ದು.

ಪೆಟ್ಟಿಗೆಯೊಳಗೆ ಬರೆಯುವ ಮಾತಿಗೂ ಒಂದು ಶಿಸ್ತು ಇದೆ. ಅಲ್ಲಿ ‘ಕಬ್ಬು ವಿಭಾಗ’ ಎಂದೋ ‘ಬಿಲ್ಲಿಂಗ್’ ಎಂದೋ ಬರೆದರೆ ಅದು ಕಚೇರಿಯ ಬೋರ್ಡು, ಕೆಲಸವಲ್ಲ. ‘ಖಾಲಿ ಗಾಡಿ ತೂಗು’, ‘ಸಾಲದ ಬಾಕಿ ನೋಡು’, ‘ಪಟ್ಟಿಗೆ ಸಹಿ ಹಾಕು’ ಎಂದು ಕ್ರಿಯಾಪದವಿಟ್ಟು ಬರೆಯಬೇಕು. ಹೀಗೆ ಬರೆಯಲು ಕೂತಾಗಲೇ ಎಷ್ಟೋ ಕಚೇರಿಗಳಲ್ಲಿ ಕೆಲವು ಹೆಜ್ಜೆಗಳನ್ನು ಯಾರು ಮಾಡುತ್ತಾರೆ ಎಂಬುದೇ ಯಾರಿಗೂ ಖಚಿತವಿಲ್ಲ ಎಂಬುದು ಹೊರಬೀಳುತ್ತದೆ.

ಕವಲುಗಳಲ್ಲಿ ಎರಡು ಬಗೆಯನ್ನು ಬೇರ್ಪಡಿಸಿ ತಿಳಿಯಬೇಕು. ಗುಣಾಕಾರದ ಗುರುತಿರುವ ವಜ್ರ ‘ಇದಾದರೂ ಸರಿ, ಅದಾದರೂ ಸರಿ, ಎರಡರಲ್ಲಿ ಒಂದೇ’ ಎನ್ನುತ್ತದೆ. ರೈತನ ಮೇಲೆ ಸೊಸೈಟಿಯ ಬಾಕಿ ಇದ್ದರೆ ಒಂದು ಹಾದಿ, ಇಲ್ಲದಿದ್ದರೆ ಇನ್ನೊಂದು. ಕೂಡಿಸುವ ಗುರುತಿರುವ ವಜ್ರ ‘ಎರಡೂ ಹಾದಿಗಳು ಒಟ್ಟಿಗೆ ಹೊರಡುತ್ತವೆ’ ಎನ್ನುತ್ತದೆ. ಕಾಟಾ ದಾಟಿದ ಮೇಲೆ ಕಬ್ಬು ಗಾಣದ ಕಡೆಗೂ ಚೀಟಿ ಲೆಕ್ಕಪತ್ರದ ಕಡೆಗೂ ಏಕಕಾಲಕ್ಕೆ ಹೋಗುವುದು ಇದೇ ಬಗೆಯ ಕವಲು. ವಜ್ರ ತಾನಾಗಿ ಏನನ್ನೂ ತೀರ್ಮಾನಿಸುವುದಿಲ್ಲ ಎಂಬುದನ್ನು ಹೊಸಬರು ಮರೆಯುತ್ತಾರೆ. ಬಾಕಿ ಇದೆಯೋ ಇಲ್ಲವೋ ಎಂದು ನೋಡುವವರು ಒಬ್ಬರಿರಬೇಕು. ಆ ಕೆಲಸದ ಪೆಟ್ಟಿಗೆ ವಜ್ರದ ಹಿಂದೆ, ಯಾರದೋ ಪಟ್ಟಿಯಲ್ಲಿ ಇರಲೇಬೇಕು.

ಇನ್ನೊಂದು ನಿಯಮ ಕಬ್ಬಿನ ವಿಷಯದಲ್ಲಿ ವಿಶೇಷ ಬೆಲೆಯುಳ್ಳದ್ದು. ಕಾರ್ಖಾನೆ ಮತ್ತು ರೈತ ಒಂದೇ ಸಂಸ್ಥೆಯ ಎರಡು ವಿಭಾಗಗಳಲ್ಲ, ಇಬ್ಬರು ಬೇರೆ. ಹಾಗಾಗಿ ಇಬ್ಬರಿಗೂ, ತಂತಮ್ಮ ಪಟ್ಟಿಗಳನ್ನು ಒಳಗೊಳ್ಳುವ ಪ್ರತ್ಯೇಕ ಅಂಕಣ. ಒಂದು ಅಂಕಣದೊಳಗೆ ಕೆಲಸದಿಂದ ಕೆಲಸಕ್ಕೆ ತುಂಬು ಗೆರೆ ಹೋಗಬಹುದು. ಒಂದು ಅಂಕಣದಿಂದ ಇನ್ನೊಂದಕ್ಕೆ ಹೋಗುವುದು ಸಂದೇಶ ಮಾತ್ರ, ಅದಕ್ಕೆ ತುಂಡು ಗೆರೆ. ಆದೇಶ, ಚೀಟಿ, ಎಸ್‌ಎಂಎಸ್, ಹಣ ಇವೆಲ್ಲ ತುಂಡು ಗೆರೆಗಳು. ನಾಗನೂರಿನ ರೈತನ ಅಂಕಣವನ್ನು ಕಾಗದದ ಮೇಲೆ ಬಿಡಿಸಿ, ಕಾರ್ಖಾನೆಯಿಂದ ಅವನಿಗೆ ಬರುವ ತುಂಡು ಗೆರೆಗಳನ್ನು ಎಣಿಸಿದರೆ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ಕಾಟಾದ ಚೀಟಿಯ ನಂತರ, ಹಣ ಬೀಳುವವರೆಗೂ, ಅವನ ಕಡೆಗೆ ಒಂದು ಗೆರೆಯೂ ಬರದಿರುವುದು ಸಾಮಾನ್ಯ. ಆ ಅವಧಿಯಲ್ಲಿ ಅವನ ಅಂಕಣ ಬರಿದು. ಅವನು ಫೀಲ್ಡ್‌ಮನ್‌ಗೆ ಫೋನು ಮಾಡುತ್ತಾನೆ, ಕಾರ್ಖಾನೆಯ ಕಚೇರಿಗೆ ಎಡತಾಕುತ್ತಾನೆ, ಬ್ಯಾಂಕಿನಲ್ಲಿ ಪಾಸ್‌ಬುಕ್ ಮುದ್ರಿಸಿಕೊಂಡು ಬರುತ್ತಾನೆ. ಈ ಓಡಾಟವೂ ಕೆಲಸವೇ. ಯಾರ ನಕ್ಷೆಯಲ್ಲೂ ಇಲ್ಲದ ಕೆಲಸ.

ಈಗ ತಡದ ಮೂಲಕ್ಕೆ ಬರಬೇಕು. ಕೇಂದ್ರ ಸರ್ಕಾರದ 1966ರ ಕಬ್ಬು ನಿಯಂತ್ರಣ ಆದೇಶ ಹೇಳುವುದು ಸ್ಪಷ್ಟವಾಗಿದೆ: ಕಬ್ಬು ಒಪ್ಪಿಸಿದ 14 ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ಆಮೇಲಿನ ಅವಧಿಗೆ ವರ್ಷಕ್ಕೆ ಶೇ 15ರ ಬಡ್ಡಿ ಸೇರಬೇಕು. ಐವತ್ತು ಟನ್ ಕಬ್ಬು, ಟನ್ನಿಗೆ ಕೈಗೆ ಬರುವ 3,000 ರೂಪಾಯಿ ಎಂದು ಲೆಕ್ಕಕ್ಕೆ ಹಿಡಿದರೆ ಬಾಕಿ ಒಂದೂವರೆ ಲಕ್ಷ. ಗಡುವು ದಾಟಿ ಮೂವತ್ತು ದಿನವಾದರೆ ಬಡ್ಡಿಯೇ ಸುಮಾರು 1,850 ರೂಪಾಯಿ.

ಇನ್ನು ಬಿಲ್ಲು ಕಟ್ಟುವ ರೂಢಿ ನೋಡಬೇಕು. ಹದಿನೈದು ದಿನಕ್ಕೊಮ್ಮೆ, ಅಂದರೆ ತಿಂಗಳ 1ರಿಂದ 15ರವರೆಗಿನ ಚೀಟಿಗಳನ್ನು ಒಟ್ಟು ಮಾಡಿ, 16ರ ನಂತರ ಲೆಕ್ಕ ಹಾಕುವ ಪದ್ಧತಿ ಇರುವ ಕಡೆ ಏನಾಗುತ್ತದೆ? 1ನೇ ತಾರೀಖು ಕಬ್ಬು ಹಾಕಿದವನ 14 ದಿನ 15ಕ್ಕೆ ಮುಗಿದುಹೋಯಿತು. ಅವನ ಚೀಟಿಯನ್ನು ಆವರೆಗೆ ಯಾರೂ ಮುಟ್ಟಿಯೇ ಇಲ್ಲ. ಆಮೇಲೆ ಲೆಕ್ಕ, ವಜಾ, ಸಹಿ, ಬ್ಯಾಂಕಿನ ಪಟ್ಟಿ ಎಂದು ಇನ್ನೊಂದು ವಾರ ಎಂದುಕೊಂಡರೂ ಹಣ ಬೀಳುವುದು 22ಕ್ಕೆ. ಇಲ್ಲಿ ಯಾವ ಗುಮಾಸ್ತನೂ ಸೋಮಾರಿಯಲ್ಲ, ಯಾವ ಅಧಿಕಾರಿಯೂ ಕಡತ ಮುಚ್ಚಿಟ್ಟಿಲ್ಲ, ಕಾರ್ಖಾನೆಯ ಕೈಯಲ್ಲಿ ಹಣವೂ ಇದೆ. ಆದರೂ ಕಾನೂನಿನ ಗಡುವು ಮುರಿದುಬಿತ್ತು, ಏಕೆಂದರೆ ಮುರಿಯುವ ಹಾಗೆಯೇ ಹಾದಿಯನ್ನು ಹಾಕಲಾಗಿದೆ. ಮನುಷ್ಯರನ್ನು ಬೈಯುವ ಬದಲು ಹಾದಿಯನ್ನು ನೋಡಲು ಕಲಿಸುವುದರಲ್ಲೇ ಈ ವಿದ್ಯೆಯ ನಿಜವಾದ ಶಕ್ತಿ ಇದೆ. ವಾರಕ್ಕೊಮ್ಮೆ ಬಿಲ್ಲು ಕಟ್ಟಿದರೆ, ಅದೇ ಸಿಬ್ಬಂದಿ, ಅದೇ ಒಂದು ವಾರದ ಲೆಕ್ಕದ ಕೆಲಸ ಇಟ್ಟುಕೊಂಡೂ, 1ನೇ ತಾರೀಖಿನವನ ಹಣ 14ರ ಸುಮಾರಿಗೆ ಬಿದ್ದೀತು. ಹಣದ ಕೊರತೆಯಿಂದ ಆಗುವ ತಡ ಬೇರೆ. ಸಕ್ಕರೆ ಮಾರಾಟವಾಗದೆ, ದಾಸ್ತಾನಿನ ಮೇಲೆ ಬ್ಯಾಂಕು ಸಾಲ ಬಿಡದೆ ಕಾರ್ಖಾನೆ ಕೈಚೆಲ್ಲುವುದುಂಟು. ಎರಡನ್ನೂ ಒಂದೇ ಹೆಸರಿನಲ್ಲಿ ಕರೆದರೆ ಮೊದಲನೆಯ ತಡ ಎರಡನೆಯದರ ಹಿಂದೆ ಅಡಗಿಕೊಳ್ಳುತ್ತದೆ.

ಗಡುವನ್ನು ತೋರಿಸಲು ಬಿಪಿಎಂಎನ್‌ನಲ್ಲಿ ಗಡಿಯಾರದ ಗುರುತಿದೆ. ಅದನ್ನು ಕೆಲಸದ ಪೆಟ್ಟಿಗೆಯ ಅಂಚಿಗೆ ಅಂಟಿಸಬಹುದು. ಆ ಗುರುತಿನ ಸುತ್ತಲಿನ ಗೆರೆ ತುಂಡುತುಂಡಾಗಿದ್ದರೆ, ಸಮಯ ಮೀರಿದಾಗ ಮೂಲ ಕೆಲಸ ನಿಲ್ಲದೆ ಮುಂದುವರಿಯುತ್ತಲೇ ಪಕ್ಕದಲ್ಲಿ ಇನ್ನೊಂದು ಕೆಲಸ ಶುರುವಾಗುತ್ತದೆ ಎಂದು ಅರ್ಥ. ‘ಹಣ ಪಾವತಿಸು’ ಎಂಬ ಪೆಟ್ಟಿಗೆಗೆ 14 ದಿನದ ಗಡಿಯಾರ, ಅದರಿಂದ ಹೊರಟ ಬಾಣ ‘ಬಡ್ಡಿ ಲೆಕ್ಕ ಹಾಕು’ ಎಂಬ ಪೆಟ್ಟಿಗೆಗೆ: 1966ರ ಆದೇಶವನ್ನು ಚಿತ್ರವಾಗಿ ಬರೆದರೆ ಇಷ್ಟೇ. ಕಾರ್ಖಾನೆಯ ಬಿಲ್ಲಿನ ತಂತ್ರಾಂಶದಲ್ಲಿ ಈ ಗಡಿಯಾರ ಇದೆಯೇ ಎಂಬುದು ಯಾವುದೇ ಕಬ್ಬು ಬೆಳೆಗಾರರ ಸಭೆಯಲ್ಲಿ ಕೇಳಲು ಯೋಗ್ಯವಾದ ಪ್ರಶ್ನೆ. ಇಲ್ಲದಿದ್ದರೆ ಬಡ್ಡಿ ತಾನಾಗಿ ಹುಟ್ಟುವುದಿಲ್ಲ; ಪ್ರತಿ ರೈತನೂ ಅದನ್ನು ಕೇಳಿ, ಕಾಡಿ, ಕೋರ್ಟಿಗೆ ಹೋಗಿ ಪಡೆಯಬೇಕಾಗುತ್ತದೆ.

ಕರ್ನಾಟಕದಲ್ಲೇ ಇಂಥ ಗಡಿಯಾರವನ್ನು ಜನರ ಕೈಗೆ ಕೊಟ್ಟ ಉದಾಹರಣೆ ಇದೆ. 2011ರ ಕಾಯ್ದೆಯ ಆಧಾರದ ಮೇಲೆ 2012ರ ಏಪ್ರಿಲ್‌ನಲ್ಲಿ ರಾಜ್ಯದಾದ್ಯಂತ ಜಾರಿಯಾದ ‘ಸಕಾಲ’ ಯೋಜನೆಯಲ್ಲಿ ಅರ್ಜಿ ಕೊಟ್ಟವರಿಗೆ ಒಂದು ಸಂಖ್ಯೆಯ ಸ್ವೀಕೃತಿ ಸಿಗುತ್ತದೆ. ಆ ಕ್ಷಣದಿಂದ ದಿನಗಳ ಎಣಿಕೆ ಶುರು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ಮೊತ್ತ ಸಣ್ಣದು. ಬೆಲೆಯುಳ್ಳದ್ದು ಏನೆಂದರೆ, ತನ್ನ ಅರ್ಜಿ ಎಲ್ಲಿದೆ, ಎಷ್ಟು ದಿನ ಉಳಿದಿದೆ ಎಂಬುದನ್ನು ಅರ್ಜಿದಾರನೇ ನೋಡಬಲ್ಲ. ಕಬ್ಬಿನ ತೂಕದ ಚೀಟಿಯೂ ತಾರೀಖು, ಸಂಖ್ಯೆ ಎರಡನ್ನೂ ಹೊತ್ತಿರುವ ಸ್ವೀಕೃತಿಯೇ ಅಲ್ಲವೇ? ಅದರ ಹಿಂದೆ ಎಣಿಕೆ ನಡೆಯುವಂತೆ ಮಾಡಲು ಹೊಸ ಕಾಗದ ಬೇಕಿಲ್ಲ.

ಅದಕ್ಕೂ ಮೊದಲಿನ ‘ಭೂಮಿ’ ಯೋಜನೆ ಇನ್ನೂ ದೊಡ್ಡ ಪಾಠ. ಕಬ್ಬಿನ ನೋಂದಣಿಗೆ ಬೇಕಾಗುವ ಉತಾರವನ್ನು ಹಿಂದೆ ತಲಾಟಿಯ ಕೈಬರಹದ ಪುಸ್ತಕದಿಂದಲೇ ಪಡೆಯಬೇಕಿತ್ತು. ಅವನು ಸಿಕ್ಕಾಗ ಸಿಕ್ಕಿತು. ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ 2001ರ ಹೊತ್ತಿಗೆ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ದಾಖಲೆಗಳು ಕಂಪ್ಯೂಟರ್ ಸೇರಿ, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಉತಾರ ಸಿಗತೊಡಗಿತು. ಇಷ್ಟನ್ನು ಎಲ್ಲರೂ ನೆನೆಯುತ್ತಾರೆ. ಪ್ರೊಸೆಸ್ ಕಲಿಯುವವರು ಗಮನಿಸಬೇಕಾದದ್ದು ಅದರ ಬದಿಯಲ್ಲಿದ್ದ ಇನ್ನೊಂದು ತೀರ್ಮಾನ. ಖಾತೆ ಬದಲಾವಣೆಯ ಅರ್ಜಿಗಳನ್ನು ಮೊದಲು ಬಂದದ್ದು ಮೊದಲು ಎಂಬ ಕ್ರಮದಲ್ಲೇ ವಿಲೇವಾರಿ ಮಾಡುವಂತೆ ತಂತ್ರಾಂಶವೇ ಕಟ್ಟುಹಾಕಿತು. ಯಾರ ಅರ್ಜಿ ಮೇಲೆ ಇಡಬೇಕು ಎಂಬ ಅಧಿಕಾರ ಒಬ್ಬ ವ್ಯಕ್ತಿಯ ಕೈಯಿಂದ ಸರದಿಗೆ ಹೋಯಿತು. ಹಳೆಯ ಹಾದಿಯನ್ನು ಹಾಗೇ ಇಟ್ಟು ಅದರ ಮೇಲೆ ಕಂಪ್ಯೂಟರ್ ಕೂರಿಸಿದ್ದರೆ ತಲಾಟಿಯ ಪುಸ್ತಕ ಪರದೆಯ ಮೇಲೆ ಬರುತ್ತಿತ್ತು, ಅಷ್ಟೇ.

ಈ ಮಾತನ್ನೇ 1990ರಲ್ಲಿ ಮೈಕಲ್ ಹ್ಯಾಮರ್ ಎಂಬ ಅಮೆರಿಕನ್ ಪ್ರಾಧ್ಯಾಪಕ ಫೋರ್ಡ್ ಕಂಪನಿಯ ಉದಾಹರಣೆ ಕೊಟ್ಟು ಹೇಳಿದ. ಸರಬರಾಜುದಾರರಿಗೆ ಹಣ ಕೊಡುವ ವಿಭಾಗವೊಂದರಲ್ಲೇ ಫೋರ್ಡ್‌ಗೆ 500ಕ್ಕೂ ಹೆಚ್ಚು ಜನ. ಮಾಜ್ದಾ ಕಂಪನಿಯಲ್ಲಿ ಅದೇ ಕೆಲಸಕ್ಕೆ ಐವರು. ಖರೀದಿ ಆದೇಶ, ಮಾಲು ಬಂದ ರಸೀದಿ, ಬಿಲ್ಲು ಮೂರನ್ನೂ ತಾಳೆ ನೋಡುವುದರಲ್ಲೇ ಫೋರ್ಡ್‌ನವರ ಸಮಯ ಹೋಗುತ್ತಿತ್ತು. ಕೊನೆಗೆ ಅವರು ಬಿಲ್ಲನ್ನೇ ಕೈಬಿಟ್ಟರು. ಮಾಲು ಬಂದ ಬಾಗಿಲಲ್ಲೇ ಆದೇಶದೊಂದಿಗೆ ತಾಳೆಯಾದರೆ ಹಣ ಹೊರಡುತ್ತದೆ. ಕಬ್ಬಿನಲ್ಲಿ ರೈತ ಬಿಲ್ಲು ಕಳಿಸುವುದೇ ಇಲ್ಲ. ಕಾಟಾದ ಮೇಲೆ ತೂಕ ಗೊತ್ತಾಗುತ್ತದೆ, ಮೊದಲ ಕಂತಿನ ದರ ಮೊದಲೇ ಪ್ರಕಟವಾಗಿರುತ್ತದೆ. ಲೆಕ್ಕಕ್ಕೆ ಬೇಕಾದ ಮುಖ್ಯ ಅಂಕಿಗಳೆಲ್ಲ ಗಾಡಿ ಗೇಟು ದಾಟುವ ಮುನ್ನವೇ ಕೈಯಲ್ಲಿವೆ.

ದರದ ವಿಷಯ ಬಂದಾಗ ಗುರ್ಲಾಪುರ ಕ್ರಾಸ್ ನೆನಪಾಗದೆ ಇರದು. ಇದೇ ಮೂಡಲಗಿ ತಾಲ್ಲೂಕಿನ ಆ ಕೂಡುರಸ್ತೆಯಲ್ಲಿ 2025ರ ಅಕ್ಟೋಬರ್ ಕೊನೆಗೆ ಕೂತ ಕಬ್ಬು ಬೆಳೆಗಾರರು ಟನ್ನಿಗೆ 3,500 ರೂಪಾಯಿ ಕೇಳಿದರು. ಹೋರಾಟ ಉತ್ತರ ಕರ್ನಾಟಕಕ್ಕೆಲ್ಲ ಹಬ್ಬಿ, ನವೆಂಬರ್ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಅವರ ಸಭೆಯಲ್ಲಿ, ಸರ್ಕಾರ 50 ಹಾಗೂ ಕಾರ್ಖಾನೆಗಳು 50 ರೂಪಾಯಿ ಹೆಚ್ಚುವರಿಯಾಗಿ ಸೇರಿಸಿ, 3,300 ರೂಪಾಯಿಗೆ ಇತ್ಯರ್ಥವಾಯಿತು. ಅದು ಶೇ 11.25ರ ಸಕ್ಕರೆ ಇಳುವರಿಗೆ, ಕಟಾವು ಮತ್ತು ಸಾಗಣೆ ವೆಚ್ಚ ಬಿಟ್ಟು.

ಈ ಅಂಕಿಗಳು ಹುಟ್ಟುವ ಜಾಗವನ್ನೂ ನಕ್ಷೆಯಲ್ಲಿ ಹುಡುಕಬೇಕು. ಕೇಂದ್ರ ನಿಗದಿ ಮಾಡಿದ ನ್ಯಾಯಯುತ ಮತ್ತು ಲಾಭದಾಯಕ ಬೆಲೆ, ಅಂದರೆ ಎಫ್‌ಆರ್‌ಪಿ, 2025–26ರ ಹಂಗಾಮಿಗೆ ಶೇ 10.25ರ ಇಳುವರಿಗೆ ಟನ್ನಿಗೆ 3,550 ರೂಪಾಯಿ. ಇಳುವರಿ ಶೇ 0.1 ಹೆಚ್ಚಾದಂತೆ 34 ರೂಪಾಯಿ 60 ಪೈಸೆ ಸೇರುತ್ತದೆ. ಹೀಗೆ ಶೇ 11.25ಕ್ಕೆ 3,896 ರೂಪಾಯಿ. ಆದರೆ ಅದು ಕಾರ್ಖಾನೆಯ ಗೇಟಿನ ಬೆಲೆ. ಕಡಿದು ಸಾಗಿಸಿದ ಖರ್ಚು ಅದರಲ್ಲೇ ಕಳೆಯುತ್ತದೆ. ಇಲ್ಲಿ ‘ಇಳುವರಿ’ ಎಂದರೆ ಹೊಲದ ಇಳುವರಿಯಲ್ಲ, ನೂರು ಕಿಲೊ ಕಬ್ಬಿಗೆ ಬಂದ ಸಕ್ಕರೆ, ರೈತರ ಬಾಯಲ್ಲಿ ‘ರಿಕವರಿ’. ಅದನ್ನು ಒಬ್ಬೊಬ್ಬ ರೈತನ ಗಾಡಿಯಲ್ಲಿ ಅಳೆಯುವುದಿಲ್ಲ. ಇಡೀ ಕಾರ್ಖಾನೆಯ ಸರಾಸರಿ ಅದು, ಅದೂ ಹಿಂದಿನ ಹಂಗಾಮಿನದು. ನಕ್ಷೆಯ ಮೇಲೆ ಬಿಡಿಸಿದರೆ, ‘ದರ ಲೆಕ್ಕ ಹಾಕು’ ಎಂಬ ಪೆಟ್ಟಿಗೆಗೆ ಬರುವ ಅತಿ ಮುಖ್ಯ ದಾಖಲೆಯೊಂದು ಕಾರ್ಖಾನೆಯ ಪ್ರಯೋಗಾಲಯದ ಪಟ್ಟಿಯಿಂದ ಬರುತ್ತದೆ, ರೈತನ ಅಂಕಣ ಅದನ್ನು ಎಲ್ಲೂ ಮುಟ್ಟುವುದಿಲ್ಲ. ತೂಕದ ಬಗ್ಗೆ, ರಿಕವರಿಯ ಬಗ್ಗೆ ರೈತರಲ್ಲಿ ಹಂಗಾಮಿನಿಂದ ಹಂಗಾಮಿಗೆ ಅನುಮಾನ ಉಳಿಯುವುದಕ್ಕೆ ಕಾರಣ ಅವರ ಸ್ವಭಾವವಲ್ಲ. ತಾನು ನೋಡಲಾಗದ ಪೆಟ್ಟಿಗೆಯಲ್ಲಿ ತನ್ನ ಬೆಲೆ ತೀರ್ಮಾನವಾಗುತ್ತಿದ್ದರೆ ಯಾರಿಗಾದರೂ ಅನುಮಾನ ಬರುತ್ತದೆ.

ಕಾಯುವಿಕೆಯನ್ನು ಅಳೆಯಲು ಒಂದು ಸರಳ ಸೂತ್ರವೂ ಉಂಟು. ಜಾನ್ ಲಿಟಲ್ ಎಂಬ ವಿದ್ವಾಂಸ 1961ರಲ್ಲಿ ಸಾಧಿಸಿ ತೋರಿಸಿದ ನಿಯಮದ ಪ್ರಕಾರ, ಸಾಲಿನಲ್ಲಿ ನಿಂತಿರುವ ಸರಕನ್ನು ಅದು ಮುಂದೆ ಸಾಗುವ ವೇಗದಿಂದ ಭಾಗಿಸಿದರೆ ಸರಾಸರಿ ಕಾಯುವ ಸಮಯ ಸಿಗುತ್ತದೆ. ದಿನಕ್ಕೆ 6,000 ಟನ್ ನುರಿಸುವ ಕಾರ್ಖಾನೆ ಎಂದುಕೊಂಡರೆ ತಾಸಿಗೆ 250 ಟನ್. ಯಾರ್ಡಿನಲ್ಲಿ ಸದಾ 3,000 ಟನ್ ನಿಂತಿದ್ದರೆ ಪ್ರತಿ ಗಾಡಿ ಸರಾಸರಿ 12 ತಾಸು ಕಾಯುತ್ತದೆ. ಕಡಿದ ಕಬ್ಬನ್ನು 24 ತಾಸಿನೊಳಗೆ ನುರಿಸಬೇಕು ಎಂಬುದು ಸಕ್ಕರೆ ತಜ್ಞರ ಸಾಮಾನ್ಯ ಸಲಹೆ. ತಡವಾದಷ್ಟೂ ನೀರು ಆರಿ ತೂಕ ಇಳಿಯುತ್ತದೆ, ಒಳಗಿನ ಸಕ್ಕರೆ ಒಡೆದು ರಿಕವರಿಯೂ ಇಳಿಯುತ್ತದೆ. ತೂಕದ ನಷ್ಟ ರೈತನಿಗೆ, ರಿಕವರಿಯ ನಷ್ಟ ಮೊದಲು ಕಾರ್ಖಾನೆಗೆ, ಮುಂದಿನ ವರ್ಷದ ದರದ ಮೂಲಕ ಮತ್ತೆ ರೈತನಿಗೆ. ಹೊಲದಲ್ಲಿ ಕಡಿದು ಬಿದ್ದ ಸಮಯ, ದಾರಿಯ ಸಮಯ, ಯಾರ್ಡಿನ ಸಮಯ ಮೂರನ್ನೂ ಬರೆದಿಟ್ಟವರಿಗೆ ಎಲ್ಲಿ ಕೈ ಹಾಕಬೇಕು ಎಂಬುದು ತಿಳಿಯುತ್ತದೆ. ಬಹಳ ಸಲ ಉತ್ತರ ಯಾರ್ಡಿನಲ್ಲಿ ಇರುವುದಿಲ್ಲ. ಕಬ್ಬು ವಿಭಾಗ ಒಂದೇ ದಿನ ಹೆಚ್ಚು ಆದೇಶ ಕೊಟ್ಟಿದ್ದರೆ ಯಾರ್ಡು ತುಂಬದೆ ಇನ್ನೇನಾಗುತ್ತದೆ?

ಕೆಲಸ ಕೆಡುವುದು ಹೆಚ್ಚಾಗಿ ಒಂದು ಕೈಯಿಂದ ಇನ್ನೊಂದು ಕೈಗೆ ದಾಟುವಾಗ. ಪಟ್ಟಿಗಳ ನಕ್ಷೆಯನ್ನು ಜನಪ್ರಿಯಗೊಳಿಸಿದ ಗಿಯರಿ ರಮ್ಲರ್ ಮತ್ತು ಅಲನ್ ಬ್ರಾಶ್ 1990ರ ತಮ್ಮ ಪುಸ್ತಕದಲ್ಲಿ ಒತ್ತಿ ಹೇಳಿದ್ದೂ ಇದನ್ನೇ: ವಿಭಾಗಗಳ ನಡುವಿನ ಖಾಲಿ ಜಾಗವನ್ನು ಯಾರೂ ನೋಡಿಕೊಳ್ಳುವುದಿಲ್ಲ. ಕಬ್ಬಿನ ಹಾದಿಯಲ್ಲಿ ಅತಿ ದೊಡ್ಡ ಖಾಲಿ ಜಾಗ ಕಟಾವಿನ ಆದೇಶಕ್ಕೂ ಗ್ಯಾಂಗಿಗೂ ನಡುವೆ ಇದೆ. ಆದೇಶ ಕೊಡುವುದು ಕಾರ್ಖಾನೆ. ಮಹಾರಾಷ್ಟ್ರದ ಬೀಡ್ ಕಡೆಯಿಂದಲೋ ವಿಜಯಪುರ ಜಿಲ್ಲೆಯಿಂದಲೋ ಹಂಗಾಮಿಗೆ ಮುಂಚೆ ಮುಂಗಡ ಪಡೆದು ಬರುವ ಕೂಲಿಕಾರರು ಮಾತು ಕೇಳುವುದು ತಮ್ಮ ಗ್ಯಾಂಗಿನ ಮುಖಂಡನಾದ ಮುಕಾದಮನದು. ಮುಕಾದಮನ ಒಪ್ಪಂದ ಇರುವುದು ಗಾಡಿ ಮಾಲೀಕನ ಜೊತೆ ಅಥವಾ ಕಾರ್ಖಾನೆಯ ಜೊತೆ. ರೈತನಿಗೂ ಗ್ಯಾಂಗಿಗೂ ನಡುವೆ ಕಾಗದದ ಮೇಲೆ ಯಾವ ಗೆರೆಯೂ ಇಲ್ಲ. ಹಾಗಾಗಿ ಗ್ಯಾಂಗ್ ಬೇಗ ಬರಲೆಂದು ಕೂಲಿಯ ಮೇಲೆ ಕೈಗೆ ಕೊಡುವ ಹಣ ಆ ಖಾಲಿ ಜಾಗದಲ್ಲಿ ಹುಟ್ಟಿಕೊಳ್ಳುತ್ತದೆ. ನಿಯಮಪುಸ್ತಕ ನೋಡಿ ನಕ್ಷೆ ಬರೆದವರಿಗೆ ಇದು ಕಾಣುವುದಿಲ್ಲ. ಹೊಲದ ಬದುವಿನ ಮೇಲೆ ಕೂತು ಕೇಳಿದವರಿಗೆ ಮೊದಲ ದಿನವೇ ಗೊತ್ತಾಗುತ್ತದೆ. ಕೆಲಸ ಹೇಗೆ ನಡೆಯಬೇಕೋ ಅದನ್ನಲ್ಲ, ಹೇಗೆ ನಡೆಯುತ್ತಿದೆಯೋ ಅದನ್ನೇ ಮೊದಲು ಬರೆಯಬೇಕು ಎಂದು ಈ ವಿದ್ಯೆಯ ಮೇಷ್ಟ್ರುಗಳು ಹಟ ಹಿಡಿಯುವುದು ಇದಕ್ಕೇ. ಸುಧಾರಿತ ನಕ್ಷೆ ಆಮೇಲಿನದು.

ಆ ಕೂಲಿಕಾರರಿಗೂ ಒಂದು ಅಂಕಣ ಬಿಡಿಸಬೇಕು. ಅವರ ಕೂಲಿ ಯಾರಿಂದ ಯಾರಿಗೆ, ಯಾವ ಲೆಕ್ಕದಲ್ಲಿ ಬರುತ್ತದೆ, ಮುಂಗಡ ಯಾವಾಗ ತೀರುತ್ತದೆ, ಹಂಗಾಮಿನ ಕೊನೆಗೆ ಲೆಕ್ಕ ಮಾಡುವಾಗ ಅವರ ಕೈಯಲ್ಲಿ ಯಾವ ಚೀಟಿ ಇರುತ್ತದೆ? ರೈತನಿಗೆ ಕಾಟಾದ ಚೀಟಿಯಾದರೂ ಇದೆ. ಕಬ್ಬು ಕಡಿದ ಹೆಣ್ಣುಮಗಳ ಅಂಕಣದಲ್ಲಿ ಬಹುತೇಕ ಏನೂ ಇಲ್ಲ, ಇದ್ದರೂ ಅದು ಮುಕಾದಮನ ವಹಿಯಲ್ಲಿ.

ಕಲಿಯಲು ದುಡ್ಡು ಬೇಕಿಲ್ಲ. ಡ್ರಾ ಡಾಟ್ ಐಒ, ಕಮುಂಡ ಮಾಡೆಲರ್‌ನಂಥ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ಆದರೆ ಅವುಗಳನ್ನು ತೆರೆಯುವ ಮೊದಲು ಗೋಡೆಗೆ ಒಂದು ದೊಡ್ಡ ಹಾಳೆ ಅಂಟಿಸಿ, ಒಂದೊಂದು ಹೆಜ್ಜೆಗೆ ಒಂದೊಂದು ಚೀಟಿ ಹಚ್ಚಿ, ಆ ಕೆಲಸ ಮಾಡುವವರನ್ನೇ ಕರೆದು ನಿಲ್ಲಿಸುವುದು ಒಳ್ಳೆಯದು. ‘ಇದಾದ ಮೇಲೆ ಏನು’, ‘ಹೀಗಾಗದಿದ್ದರೆ ಏನು’, ‘ಆಗ ಯಾರಿಗೆ ಹೇಳುತ್ತೀರಿ’ ಎಂಬ ಮೂರು ಪ್ರಶ್ನೆಗಳನ್ನು ಪ್ರತಿ ಚೀಟಿಗೂ ಕೇಳಬೇಕು. ಎಲ್ಲ ಸರಿಯಾಗಿ ನಡೆದ ದಿನದ ನಕ್ಷೆ ಅರ್ಧ ತಾಸಿನಲ್ಲಿ ಮುಗಿಯುತ್ತದೆ. ಕಾಟಾ ಕೆಟ್ಟ ದಿನ, ಖಾತೆ ಸಂಖ್ಯೆ ತಪ್ಪಿ ಹಣ ವಾಪಸ್ ಹೋದ ದಿನ, ತೀರಿಹೋದ ತಂದೆಯ ಹೆಸರಲ್ಲೇ ಉತಾರ ಉಳಿದ ಹೊಲ, ಇವಕ್ಕೇ ದಿನ ಹಿಡಿಯುತ್ತದೆ.

ಗೋಕಾಕ, ಮೂಡಲಗಿ, ಹುಕ್ಕೇರಿಯ ಕಾಲೇಜುಗಳಲ್ಲಿ ಬಿಕಾಂ, ಬಿಸಿಎ ಓದುವ ಕಬ್ಬು ಬೆಳೆಗಾರರ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಪ್ರಾಜೆಕ್ಟ್ ಸಿಗಲಾರದು. ಬರುವ ಹಂಗಾಮಿನಲ್ಲಿ ಒಂದು ಓಣಿಯ ರೈತರ ತೂಕದ ಚೀಟಿಗಳನ್ನೂ ಪಾಸ್‌ಬುಕ್ಕುಗಳನ್ನೂ ಪಕ್ಕಪಕ್ಕ ಇಟ್ಟು ಐದು ತಾರೀಖು ಬರೆದುಕೊಂಡರೆ ಸಾಕು: ಕಟಾವಿನ ಆದೇಶ ಬಂದದ್ದು, ಕಡಿದದ್ದು, ತೂಗಿದ್ದು, ಬಿಲ್ಲು ಕಟ್ಟಿದ್ದು, ಹಣ ಬಿದ್ದದ್ದು. ತೂಗಿದ ದಿನದಿಂದ ಹಣ ಬಿದ್ದ ದಿನದವರೆಗಿನ ಎಣಿಕೆ 14 ದಾಟಿದ ಪ್ರತಿ ಚೀಟಿಯ ಪಕ್ಕದಲ್ಲಿ ಶೇ 15ರಂತೆ ಬಡ್ಡಿ ಎಷ್ಟು ಎಂದು ಬರೆದು, ಬೆಳೆಗಾರರ ಸಂಘದ ಮುಂದಿನ ಸಭೆಗೆ ಆ ಹಾಳೆಯನ್ನು ಒಯ್ಯಬಹುದು.